ಕೊಲೆಯ ಕಥೆ ಯಾರ ಹಿಂದೆ ನಡೆಯುತ್ತದೆ?

ನಿಜವಾಗಿ ನಡೆದ ಕೊಲೆಗಳ ಕಥೆಯನ್ನು ನಾನು ಆಸಕ್ತಿಯಿಂದ ಕೇಳುತ್ತೇನೆ, ನೋಡುತ್ತೇನೆ, ಓದುತ್ತೇನೆ. ಈಟಿವಿ ಕನ್ನಡದಲ್ಲಿ ‘ಕ್ರೈಂ ಡೈರಿ’ ಬರುತ್ತಿದ್ದ ಕಾಲದಿಂದ ಇಂದಿನ ಪಾಡ್‌ಕಾಸ್ಟ್‌ಗಳು ಮತ್ತು ಒಟಿಟಿ ಸರಣಿಗಳವರೆಗೆ ಈ ಆಸಕ್ತಿ ಕಡಿಮೆಯಾಗಿಲ್ಲ. ಅದರಲ್ಲಿ ನನಗೆ ಸಿಗುವುದು ತಿಳಿವಳಿಕೆಯಷ್ಟೇ ಅಲ್ಲ, ಸುಖವೂ ಹೌದು. ಬಿಡಿಬಿಡಿಯಾದ ಸುಳಿವುಗಳು ಒಂದಕ್ಕೊಂದು ಕೂಡಿಕೊಳ್ಳುವುದನ್ನು ನೋಡುವ ಸುಖ, ಸುಳ್ಳು ಹೇಳುತ್ತಲೇ ಬಂದವನು ಕೊನೆಗೆ ಸಿಕ್ಕಿಬೀಳುವ ಸುಖ, ಬಾಗಿಲಿಗೆ ಚಿಲಕ ಹಾಕಿಕೊಂಡು ಒಳಗೆ ಕುಳಿತು ಹೆದರುವ ಸುಖ. ಇದಕ್ಕೆಲ್ಲ ಮೂಲ ಯಾರದೋ ಮನೆಯಲ್ಲಾದ ಸಾವು. ಆ ಮನೆಯವರಲ್ಲಿ ಬಹಳಷ್ಟು ಮಂದಿ ಇನ್ನೂ ಬದುಕಿದ್ದಾರೆ, ಅವರ ಕೈಯಲ್ಲೂ ಮೊಬೈಲ್ ಇದೆ, ನಮಗೆ ಕಾಣುವ ವಿಡಿಯೊ ಅವರಿಗೂ ಕಾಣುತ್ತದೆ.

ಈ ಆಸಕ್ತಿಯ ಬಗ್ಗೆ ಮಾತು ಬಂದಾಗಲೆಲ್ಲ ಎರಡು ಉತ್ತರಗಳು ಕೇಳಿಬರುತ್ತವೆ. ಇಂಥ ಕಾರ್ಯಕ್ರಮಗಳು ಜನಜಾಗೃತಿಗಾಗಿ ಇವೆ, ನೋಡಿದವರು ಎಚ್ಚರವಾಗಿರಲು ಕಲಿಯುತ್ತಾರೆ ಎಂಬುದು ಒಂದು. ಇದು ಮನಸ್ಸಿನ ವಿಕೃತಿ, ಸಭ್ಯರು ದೂರವಿರಬೇಕು ಎಂಬುದು ಇನ್ನೊಂದು. ಮೊದಲನೆಯದನ್ನು ನಾನು ನಂಬುವುದಿಲ್ಲ. ಎಚ್ಚರಿಕೆ ಹೇಳುವುದೇ ಗುರಿಯಾಗಿದ್ದರೆ ಮುಕ್ಕಾಲು ಗಂಟೆಯ ಹಿನ್ನೆಲೆ ಸಂಗೀತದ ಅಗತ್ಯವಿರಲಿಲ್ಲ. ಎರಡನೆಯದನ್ನೂ ಒಪ್ಪುವುದಿಲ್ಲ. ಮನುಷ್ಯ ಮನುಷ್ಯನನ್ನು ಕೊಲ್ಲುವುದು ಎಷ್ಟು ದೊಡ್ಡ ಸಂಗತಿಯೆಂದರೆ ಅದರ ಬಗ್ಗೆ ಕುತೂಹಲವೇ ಇಲ್ಲದ ಸಮಾಜವನ್ನು ನೋಡಿದರೆ ನನಗೆ ಹೆಚ್ಚು ಭಯವಾದೀತು. ಕೊಲೆಯ ಕಥೆಯನ್ನು ಕೇಳಬೇಕೋ ಬೇಡವೋ ಎಂಬಲ್ಲಿ ನನ್ನ ತಕರಾರಿಲ್ಲ. ಆ ಕಥೆ ಯಾರ ಹೆಜ್ಜೆಯ ಹಿಂದೆ ನಡೆಯುತ್ತದೆ, ಯಾರ ಬಳಿ ಎಷ್ಟು ಹೊತ್ತು ನಿಲ್ಲುತ್ತದೆ, ಯಾರನ್ನು ಒಂದೇ ವಾಕ್ಯದಲ್ಲಿ ದಾಟಿಹೋಗುತ್ತದೆ ಎಂಬುದರಲ್ಲಿಯೇ ಸರಿ ತಪ್ಪುಗಳು ತೀರ್ಮಾನವಾಗುತ್ತವೆ ಎಂದು ನಾನು ತಿಳಿದಿದ್ದೇನೆ.

ಬೆಂಗಳೂರಿನವರಿಗೆಲ್ಲ ಗೊತ್ತಿರುವ ಒಂದು ಪ್ರಕರಣವನ್ನೇ ತೆಗೆದುಕೊಳ್ಳುತ್ತೇನೆ. ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಮೊಮ್ಮಗಳು ಶಾಕಿರಾ ಖಲೀಲಿ 1991ರ ಮೇ ತಿಂಗಳ ಕೊನೆಯಲ್ಲಿ ರಿಚ್ಮಂಡ್ ರಸ್ತೆಯ ತಮ್ಮ ಮನೆಯಿಂದ ಕಾಣೆಯಾದರು. ಮೊದಲ ಗಂಡನಿಂದ ವಿಚ್ಛೇದನ ಪಡೆದ ಮೇಲೆ ಅವರು 1986ರಲ್ಲಿ ಮುರಳಿ ಮನೋಹರ ಮಿಶ್ರಾ ಎಂಬಾತನನ್ನು ಮದುವೆಯಾಗಿದ್ದರು; ಸ್ವಾಮಿ ಶ್ರದ್ಧಾನಂದ ಎಂಬುದು ಆತ ಇಟ್ಟುಕೊಂಡಿದ್ದ ಇನ್ನೊಂದು ಹೆಸರು. ಸುಮಾರು ಮೂರು ವರ್ಷಗಳಾದ ಮೇಲೆ, 1994ರಲ್ಲಿ, ಅದೇ ಮನೆಯ ಅಂಗಳವನ್ನು ಅಗೆದಾಗ ಅವರ ಅವಶೇಷಗಳು ಸಿಕ್ಕವು. 2005ರಲ್ಲಿ ಸೆಷನ್ಸ್ ನ್ಯಾಯಾಲಯ ಗಲ್ಲು ಶಿಕ್ಷೆ ವಿಧಿಸಿತು, ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಶಿಕ್ಷೆಯ ಪ್ರಮಾಣದ ಬಗ್ಗೆ ಭಿನ್ನಾಭಿಪ್ರಾಯ ತಳೆದಿದ್ದರಿಂದ ವಿಷಯ ಮೂವರ ಪೀಠಕ್ಕೆ ಹೋಯಿತು. ಆ ಪೀಠ 2008ರ ಜುಲೈನಲ್ಲಿ ಗಲ್ಲನ್ನು ತಪ್ಪಿಸಿ, ಬದುಕಿರುವವರೆಗೂ ಬಿಡುಗಡೆಯಿಲ್ಲದ ಸೆರೆವಾಸವನ್ನು ವಿಧಿಸಿತು.

ಕೊಲೆ ಹೇಗಾಯಿತು ಎಂಬುದನ್ನು ನಾನು ಇಲ್ಲಿ ಬರೆಯುವುದಿಲ್ಲ. ಬೇಕಾದವರಿಗೆ ಅದು ಕ್ಷಣಮಾತ್ರದಲ್ಲಿ ಸಿಗುತ್ತದೆ, ಏಕೆಂದರೆ ಈ ಪ್ರಕರಣದ ಬಗ್ಗೆ ಎಲ್ಲರೂ ಮತ್ತೆ ಮತ್ತೆ ಹೇಳುವುದು ಅದನ್ನೇ. ಪೆಟ್ಟಿಗೆ, ಅಂಗಳ, ಆ ಅಂಗಳದ ಮೇಲೆ ನಡೆದವೆನ್ನಲಾದ ಪಾರ್ಟಿಗಳು: ಜನಪ್ರಿಯ ನಿರೂಪಣೆಗಳು ಈ ಮೂರರ ಸುತ್ತಲೇ ತಿರುಗುತ್ತವೆ. ಮನೆಯಿಂದ ಕಾಣೆಯಾದದ್ದು ಮತ್ತು ಅಂಗಳ ಅಗೆದದ್ದರ ನಡುವಿನ ಕಾಲವನ್ನು ‘ಮೂರು ವರ್ಷಗಳ ನಂತರ’ ಎಂಬ ಒಂದು ಮಾತಿನಲ್ಲಿ ಮುಗಿಸಿಬಿಡುತ್ತವೆ.

ನನ್ನ ಮಟ್ಟಿಗೆ ಇಡೀ ಪ್ರಕರಣದ ಜೀವ ಇರುವುದು ಆ ಮೂರು ವರ್ಷಗಳಲ್ಲಿ. ನಾಲ್ವರು ಹೆಣ್ಣುಮಕ್ಕಳಲ್ಲಿ ಒಬ್ಬರು ತಾಯಿಯನ್ನು ಹುಡುಕುವುದನ್ನು ಬಿಡಲಿಲ್ಲ. ಕೇಳಿದಾಗಲೆಲ್ಲ ಮಲತಂದೆಯಿಂದ ಒಂದೊಂದು ಉತ್ತರ ಬರುತ್ತಿತ್ತು: ಇಂಥ ಊರಿಗೆ ಹೋಗಿದ್ದಾರೆ, ಅಂಥ ಕಡೆ ಇದ್ದಾರೆ, ಹೆರಿಗೆಗೆಂದು ಅಮೆರಿಕದ ಆಸ್ಪತ್ರೆಯೊಂದಕ್ಕೆ ಸೇರಿದ್ದಾರೆ. ಮಗಳು ಆ ಆಸ್ಪತ್ರೆಯನ್ನೇ ವಿಚಾರಿಸಿದರು. ಅಂಥ ಹೆಸರಿನವರು ಅಲ್ಲಿ ದಾಖಲಾಗಿರಲಿಲ್ಲ. ತಾಯಿಯ ಪಾಸ್‌ಪೋರ್ಟ್ ಕಣ್ಣಿಗೆ ಬಿದ್ದಾಗ ಅವರು ದೇಶ ಬಿಟ್ಟೇ ಇಲ್ಲ ಎಂಬುದು ಖಚಿತವಾಯಿತು. 1992ರ ಜೂನ್‌ನಲ್ಲಿ ಮಗಳು ಅಶೋಕನಗರ ಪೊಲೀಸ್ ಠಾಣೆಯಲ್ಲಿ ನಾಪತ್ತೆ ದೂರು ಕೊಟ್ಟರು. ಪ್ರಕರಣ ಪೊಲೀಸರ ಕೇಂದ್ರ ಅಪರಾಧ ವಿಭಾಗದ (ಸಿಸಿಬಿ) ಕೈಗೆ ಬಂದು ಸತ್ಯ ಹೊರಬೀಳಲು ಅಲ್ಲಿಂದ ಮುಂದೆಯೂ ಸುಮಾರು ಎರಡು ವರ್ಷ ಹಿಡಿಯಿತು. ಅಷ್ಟರಲ್ಲಿ ಹೆಂಡತಿಯಿಂದ ಪಡೆದ ಅಧಿಕಾರ ಪತ್ರವನ್ನು ಹಿಡಿದುಕೊಂಡು ಆತ ಆಸ್ತಿಯ ವ್ಯವಹಾರ ನಡೆಸುತ್ತಲೇ ಇದ್ದ. ಸತ್ತವರ ಸಹಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲೂ ಬ್ಯಾಂಕಿನಲ್ಲೂ ಬದುಕಿಯೇ ಇತ್ತು.

ಇಲ್ಲಿರುವ ಪ್ರಶ್ನೆಗಳು ಎಷ್ಟು! ವಯಸ್ಕ ಹೆಂಗಸೊಬ್ಬರು ಕಾಣೆಯಾಗಿದ್ದಾರೆ ಎಂದಾಗ, ಗಂಡನ ಮಾತೇ ಸಾಕ್ಷಿಯೆಂದು ನಾವು ಎಷ್ಟು ಸುಲಭವಾಗಿ ಒಪ್ಪಿಬಿಡುತ್ತೇವೆ? ಕುಟುಂಬಕ್ಕೆ ಇಷ್ಟವಿಲ್ಲದ ಮದುವೆಯಾದ ಹೆಣ್ಣು ದೂರವಾಗಿದ್ದಾಳೆ ಎಂದರೆ ‘ಅವಳಿಗೇ ಸಂಪರ್ಕ ಬೇಡವಾಗಿರಬೇಕು’ ಎಂದುಕೊಂಡು ಸುಮ್ಮನಾಗುವುದು ಎಷ್ಟು ಮನೆಗಳಲ್ಲಿ ನಡೆದಿಲ್ಲ? ಅಧಿಕಾರ ಪತ್ರ ಬರೆದುಕೊಟ್ಟವರು ಜೀವಂತವಾಗಿದ್ದಾರೆಯೇ ಎಂದು ಆಸ್ತಿ ಕೊಳ್ಳುವವರು ಕೇಳುವುದೇ ಇಲ್ಲವೇ? ದೊಡ್ಡ ಮನೆತನದ ಮಗಳಿಗೆ ಇಷ್ಟು ಕಾಲ ಹಿಡಿದಿದ್ದರೆ, ಇಂಗ್ಲಿಷ್ ಬಾರದ, ದೂರದೂರಿನಲ್ಲಿರುವ ಮಗಳೊಬ್ಬಳು ಇದೇ ಠಾಣೆಯ ಮೆಟ್ಟಿಲು ಹತ್ತಿದ್ದರೆ ಏನಾಗುತ್ತಿತ್ತು? ಮಗಳ ಹೆಜ್ಜೆಯ ಹಿಂದೆ ನಡೆದ ಕಥೆ ಈ ಪ್ರಶ್ನೆಗಳನ್ನು ದಾಟಿ ಹೋಗಲು ಸಾಧ್ಯವೇ ಇಲ್ಲ. ಕೊಲೆಗಾರನ ಹಿಂದೆ ನಡೆದ ಕಥೆಗೆ ಇವು ಎದುರಾಗುವುದೇ ಇಲ್ಲ.

2023ರ ಏಪ್ರಿಲ್‌ನಲ್ಲಿ ಪ್ರೈಮ್ ವಿಡಿಯೊದಲ್ಲಿ ‘ಡ್ಯಾನ್ಸಿಂಗ್ ಆನ್ ದ ಗ್ರೇವ್’ ಎಂಬ ಹೆಸರಿನಲ್ಲಿ ಈ ಪ್ರಕರಣದ ಸಾಕ್ಷ್ಯಚಿತ್ರ ಸರಣಿ ಬಂತು. ಶಾಕಿರಾ ಅವರ ಬದುಕಿಗೂ ಅವರನ್ನು ಬಲ್ಲವರ ಮಾತಿಗೂ ಅದು ಜಾಗ ಕೊಟ್ಟಿದೆ, ಅದನ್ನು ಮೆಚ್ಚಬೇಕು. ಆದರೆ ಶೀರ್ಷಿಕೆಯೇ ಸಮಾಧಿಯ ಮೇಲಿನ ಕುಣಿತವನ್ನು ಮುಂದಿಡುತ್ತದೆ. ಜೊತೆಗೆ ಅಪರಾಧಿಯನ್ನೇ ಕ್ಯಾಮೆರಾದ ಮುಂದೆ ಕೂರಿಸಿ ಮಾತಾಡಿಸಲಾಗಿದೆ, ಆತ ತಾನು ನಿರಪರಾಧಿ ಎಂದು ಸುದೀರ್ಘವಾಗಿ ಹೇಳುತ್ತಾನೆ. ಎರಡೂ ಕಡೆಯವರ ಮಾತನ್ನು ಕೇಳುವುದು ನ್ಯಾಯವಲ್ಲವೇ ಎಂದು ಕೇಳಬಹುದು. ವಿಚಾರಣೆ ಮುಗಿಯದ ಪ್ರಕರಣದಲ್ಲಿ ಅದು ನ್ಯಾಯ. ಮೂರು ಹಂತದ ನ್ಯಾಯಾಲಯಗಳೂ ಅಪರಾಧ ಸಾಬೀತಾಗಿದೆ ಎಂದಮೇಲೆ, ಹೊಸ ಸಾಕ್ಷ್ಯ ಒಂದೂ ಇಲ್ಲದೆ ಅದೇ ವಾದವನ್ನು ಮತ್ತೊಮ್ಮೆ ಹೇಳಿಸುವುದರಿಂದ ಹುಟ್ಟುವುದು ‘ಯಾರು ನಿಜ ಹೇಳುತ್ತಿದ್ದಾರೆ?’ ಎಂಬ ರೋಮಾಂಚನ ಮಾತ್ರ. ಸತ್ತವರಿಗೆ ಎದುರು ಉತ್ತರ ಕೊಡುವ ಅವಕಾಶವಿಲ್ಲ. ಆ ಭಾಗಗಳನ್ನು ನೋಡುವಾಗ ನನಗೆ ಕುತೂಹಲ ಹೆಚ್ಚಾಯಿತು ಎಂಬುದು ನಿಜ. ನನ್ನ ಆ ಕುತೂಹಲವನ್ನು ಲೆಕ್ಕ ಹಾಕಿಯೇ ಅವನ್ನು ಅಲ್ಲಿ ಇಡಲಾಗಿದೆ ಎಂಬುದೂ ಅಷ್ಟೇ ನಿಜ.

ಸಾವಿನ ಕಥೆಯನ್ನು ಕೇಳಿ ಮನಸೋಲುವುದು ನಮಗೆ ಹೊಸದಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ‘ಕೆರೆಗೆ ಹಾರ’ವನ್ನು ನಾವೆಲ್ಲ ಶಾಲೆಯಲ್ಲೇ ಓದಿದವರು. ಕೆರೆಯಲ್ಲಿ ನೀರು ಬರಲೆಂದು ಕಿರಿಯ ಸೊಸೆ ಭಾಗೀರಥಿಯನ್ನು ಬಲಿಕೊಡುವ ಆ ಹಾಡು, ನೋಡಿದರೆ, ಮನೆಯವರೇ ಕೂಡಿ ಮಾಡಿದ ಒಂದು ಕೊಲೆಯ ಕಥೆ. ಅದನ್ನು ಹೆಂಗಸರು ತಲೆಮಾರುಗಳ ಕಾಲ ಹಾಡಿದ್ದಾರೆ, ಕೇಳಿದವರು ಕಣ್ಣೀರು ಹಾಕಿದ್ದಾರೆ, ಮತ್ತೆ ಹಾಡಿ ಎಂದು ಕೇಳಿದ್ದಾರೆ. ಅದರಲ್ಲಿ ಸುಖವಿಲ್ಲ ಎಂದು ಹೇಳಲಾಗದು. ಆದರೆ ಹಾಡು ನಡೆಯುವುದು ಯಾರ ಹಿಂದೆ? ಬಲಿ ಬೇಕೆಂದ ಜೋಯಿಸನ ಹಿಂದೆಯಲ್ಲ, ಒಪ್ಪಿದ ಮಾವನ ಹಿಂದೆಯಲ್ಲ. ವಿಷಯ ತಿಳಿದ ಭಾಗೀರಥಿ ತವರಿಗೆ ಹೋಗುತ್ತಾಳೆ, ಅಪ್ಪ ಅಮ್ಮನಿಗೆ ನಿಜ ಹೇಳಲಾಗದೆ ಅತ್ತೆ ಮಾವ ಬೇರೆ ಇಡುತ್ತಾರಂತೆ ಎನ್ನುತ್ತಾಳೆ, ಗೆಳತಿಗೆ ಮಾತ್ರ ನಿಜ ಹೇಳುತ್ತಾಳೆ, ಗೆಳತಿಯೂ ಅವಳನ್ನು ಉಳಿಸುವ ಮಾತಾಡುವುದಿಲ್ಲ. ಹಾಡಿನ ಭಾರವೆಲ್ಲ ಈ ನಡಿಗೆಯ ಮೇಲಿದೆ. ನೀರು ಮೆಟ್ಟಿಲು ಮೆಟ್ಟಿಲಾಗಿ ಏರುವುದನ್ನು ಕಾಣುವ ಹೊತ್ತಿಗೆ ನಾವು ಅವಳ ಪಕ್ಕದಲ್ಲಿಯೇ ನಿಂತಿರುತ್ತೇವೆ, ಅವಳನ್ನು ಕೈಬಿಟ್ಟವರ ಪಟ್ಟಿಯೂ ನಮ್ಮ ಬಳಿ ಇರುತ್ತದೆ. ಎಷ್ಟೋ ಇಂದಿನ ನಿರೂಪಣೆಗಳು ಇದನ್ನು ತಲೆಕೆಳಗು ಮಾಡಿವೆ. ಅವು ಕೊಂದವನ ಬಾಲ್ಯವನ್ನು, ಅವನ ಜಾಣತನವನ್ನು, ಅವನ ನೋಟವನ್ನು ವಿವರಿಸುತ್ತವೆ. ಸತ್ತವರನ್ನು ದೇಹವಾದ ಮೇಲಷ್ಟೇ ಗಮನಿಸುತ್ತವೆ.

ಒಂದು ವ್ಯತ್ಯಾಸವನ್ನಂತೂ ಒಪ್ಪಿಕೊಳ್ಳಲೇಬೇಕು. ಭಾಗೀರಥಿಯ ಕಥೆಯನ್ನು ಇಂದು ಹಾಡಿದರೆ ನೋಯುವ ಮಕ್ಕಳಿಲ್ಲ. ನಿಜವಾದ ಪ್ರಕರಣಗಳಲ್ಲಿ ಇದ್ದಾರೆ. ಈ ವಿಷಯದಲ್ಲಿ ನಮ್ಮ ಕಾನೂನು ಏನು ಹೇಳುತ್ತದೆ ಎಂದು ನೋಡಿದರೆ, ಮುಖ್ಯವಾದ ತೀರ್ಪು ಹುಟ್ಟಿದ್ದೇ ಒಬ್ಬ ಸರಣಿ ಹಂತಕನ ಆತ್ಮಕಥೆಯಿಂದ. ಮದರಾಸಿನ ಆಟೊ ಶಂಕರ್ ಸೆರೆಮನೆಯಲ್ಲಿ ಬರೆದ ಜೀವನ ಕಥೆಯನ್ನು ‘ನಕ್ಕೀರನ್’ ಪತ್ರಿಕೆ ಪ್ರಕಟಿಸಲು ಹೊರಟಾಗ ಅಧಿಕಾರಿಗಳು ತಡೆದರು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ 1994ರ ಅಕ್ಟೋಬರ್‌ನಲ್ಲಿ ತೀರ್ಪು ಬಂತು. ತನ್ನ ಪಾಡಿಗೆ ತಾನಿರುವ ಹಕ್ಕು ಪ್ರತಿಯೊಬ್ಬರಿಗೂ ಉಂಟು, ಆದರೆ ನ್ಯಾಯಾಲಯದ ದಾಖಲೆಗಳೂ ಸೇರಿದಂತೆ ಸಾರ್ವಜನಿಕ ದಾಖಲೆಯಲ್ಲಿ ಇರುವುದನ್ನು ಯಾರ ಒಪ್ಪಿಗೆಯೂ ಇಲ್ಲದೆ ಪ್ರಕಟಿಸಬಹುದು ಎಂದು ಕೋರ್ಟ್ ಹೇಳಿತು. ಅದೇ ಉಸಿರಿನಲ್ಲಿ ಒಂದು ವಿನಾಯಿತಿಯನ್ನೂ ಸೇರಿಸಿತು: ಲೈಂಗಿಕ ದೌರ್ಜನ್ಯ, ಅಪಹರಣದಂಥ ಅಪರಾಧಕ್ಕೆ ಒಳಗಾದ ಹೆಣ್ಣಿನ ಹೆಸರನ್ನೂ ಘಟನೆಯನ್ನೂ ಬಯಲಿಗೆಳೆದು ಅವಳನ್ನು ಮತ್ತೊಮ್ಮೆ ಅವಮಾನಿಸಬಾರದು. ಈಗ ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮು ಅತ್ಯಾಚಾರ ಸಂತ್ರಸ್ತೆಯ ಗುರುತು ಬಹಿರಂಗಪಡಿಸುವುದನ್ನು ಶಿಕ್ಷಾರ್ಹ ಅಪರಾಧವೆಂದು ಪರಿಗಣಿಸುತ್ತದೆ. ಸಂತ್ರಸ್ತೆ ಬದುಕಿಲ್ಲ ಎಂಬ ಕಾರಣಕ್ಕೆ ಈ ರಕ್ಷಣೆ ಇಲ್ಲವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟಪಡಿಸಿದೆ. ಇಷ್ಟಾದರೂ ಹೆಸರು ಮತ್ತು ಫೋಟೊ ಹಾಕಿದ ಥಂಬ್‌ನೇಲ್‌ಗಳಿಗೆ ಕೊರತೆಯಿಲ್ಲ.

ಸಾರ್ವಜನಿಕ ದಾಖಲೆಯ ಬಗೆಗಿನ ಅನುಮತಿ ಸರಿಯಾದದ್ದೇ. ನಾನು ಈ ಬರಹವನ್ನು ಬರೆಯುತ್ತಿರುವುದೂ ಅದರ ಬಲದಿಂದಲೇ. ಆದರೆ ಪ್ರಕಟಿಸಲು ಅಡ್ಡಿಯಿಲ್ಲ ಎಂಬುದಕ್ಕೂ ಪ್ರಕಟಿಸುವುದು ಸರಿ ಎಂಬುದಕ್ಕೂ ನಡುವೆ ದೊಡ್ಡ ಅಂತರವಿದೆ. ಕೊಲೆಯಾದ ವ್ಯಕ್ತಿಯ ಮನೆಯವರಿಗೆ ಒಂದು ಫೋನ್ ಮಾಡಿ, ನಾವು ಹೀಗೊಂದು ಕಾರ್ಯಕ್ರಮ ಮಾಡುತ್ತಿದ್ದೇವೆ ಎಂದು ತಿಳಿಸಬೇಕೆಂಬ ನಿಯಮ ನನಗೆ ತಿಳಿದಂತೆ ನಮ್ಮ ಕಾನೂನಿನಲ್ಲಿ ಇಲ್ಲ. ಹಬ್ಬದ ದಿನ ಟಿವಿ ಹಾಕಿದಾಗ ತಮ್ಮ ಮಗಳ ಪಾತ್ರವನ್ನು ಯಾರೋ ನಟಿ ಮಾಡುತ್ತಿರುವುದನ್ನು, ಅವಳು ಸಾಯುವ ಕ್ಷಣ ನಿಧಾನಗತಿಯಲ್ಲಿ ಓಡುತ್ತಿರುವುದನ್ನು ಮುನ್ಸೂಚನೆಯಿಲ್ಲದೆ ಕಾಣುವ ತಾಯಿತಂದೆಯರಿಗೆ ಕಾನೂನಿನಿಂದ ಪರಿಹಾರ ಸಿಗದಿರಬಹುದು. ಆ ನೋವಿಗೆ ಕಾರಣರಾದವರಲ್ಲಿ ನೋಡುಗರಾದ ನಾವೂ ಸೇರುತ್ತೇವೆ, ಏಕೆಂದರೆ ಆ ಕಾರ್ಯಕ್ರಮಕ್ಕೆ ಜಾಹೀರಾತು ಬರುವುದು ನಮ್ಮ ನೋಟದಿಂದ.

ಇನ್ನು ಆರೋಪಿಗಳ ವಿಷಯ. ರಾಜೀವ್ ಗಾಂಧಿ ಹತ್ಯೆಯ ಸಂಚುಕೋರ ಶಿವರಾಸನ್ ಮತ್ತು ಸಂಗಡಿಗರು 1991ರ ಆಗಸ್ಟ್‌ನಲ್ಲಿ ಬೆಂಗಳೂರಿನ ಕೋಣನಕುಂಟೆಯ ಮನೆಯಲ್ಲಿ ಸತ್ತ ಕಥೆ ನಮ್ಮಲ್ಲಿ ಸಿನಿಮಾ ಕೂಡ ಆಯಿತು. ಆ ಪ್ರಕರಣದ ನ್ಯಾಯಾಲಯದ ಭಾಗ ಅಷ್ಟಾಗಿ ಯಾರ ನೆನಪಿನಲ್ಲೂ ಇಲ್ಲ. 1998ರ ಜನವರಿಯಲ್ಲಿ ವಿಚಾರಣಾ ನ್ಯಾಯಾಲಯ 26 ಆರೋಪಿಗಳಿಗೂ ಗಲ್ಲು ಶಿಕ್ಷೆ ವಿಧಿಸಿತು. 1999ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅವರಲ್ಲಿ 19 ಮಂದಿಯ ಬಿಡುಗಡೆಗೆ ಆದೇಶಿಸಿತು. ಗಲ್ಲಿಗೂ ಬಿಡುಗಡೆಗೂ ನಡುವೆ ಇದ್ದದ್ದು ಒಂದು ಮೇಲ್ಮನವಿ. ಬಂಧನವಾದ ರಾತ್ರಿಯೇ ಕಥೆಯನ್ನು ಮುಗಿಸಿಬಿಡುವ ನಿರೂಪಣೆಯಲ್ಲಿ ಈ ಮೇಲ್ಮನವಿಗೆ ಸ್ಥಳವೇ ಇರುವುದಿಲ್ಲ. 2008ರ ನೋಯ್ಡಾ ಜೋಡಿ ಕೊಲೆಯಲ್ಲಿಯೂ ಹಾಗೆಯೇ ಆಯಿತು. ಸತ್ತ ಹುಡುಗಿಯ ತಂದೆತಾಯಿ 2013ರಲ್ಲಿ ಅಪರಾಧಿಗಳೆನಿಸಿದರು, 2017ರಲ್ಲಿ ಅಲಹಾಬಾದ್ ಹೈಕೋರ್ಟ್ ಅವರನ್ನು ಖುಲಾಸೆ ಮಾಡಿತು. ಅದಕ್ಕೆ ಎಷ್ಟೋ ಮೊದಲೇ ಟಿವಿ ಸ್ಟುಡಿಯೊಗಳು ಹುಡುಗಿಯ ನಡತೆಯ ಬಗ್ಗೆಯೂ ತೀರ್ಪು ಕೊಟ್ಟು ಮುಗಿಸಿದ್ದವು. ಆ ಮನೆಯಲ್ಲಿ ಕೊಲೆಯಾದವರು ಇಬ್ಬರು. ಮನೆಗೆಲಸಕ್ಕಿದ್ದ ನೇಪಾಳದ ವ್ಯಕ್ತಿಯ ಹೆಸರಿನಿಂದ ಆ ಪ್ರಕರಣವನ್ನು ಯಾರೂ ಕರೆಯುವುದಿಲ್ಲ. ಯಾರ ಸಾವು ಕಥೆಯಾಗಲು ಯೋಗ್ಯ ಎಂಬುದನ್ನೂ ಈ ಮನರಂಜನೆಯೇ ನಿರ್ಧರಿಸುತ್ತದೆ ಎಂಬುದಕ್ಕೆ ಬೇರೆ ಉದಾಹರಣೆ ಬೇಡ.

ನಮ್ಮ ರಾಜ್ಯದಲ್ಲೇ 2024ರಲ್ಲಿ, ಪ್ರಸಿದ್ಧ ನಟರೊಬ್ಬರು ಆರೋಪಿಯಾಗಿರುವ ಕೊಲೆ ಪ್ರಕರಣದಲ್ಲಿ, ಆರೋಪಪಟ್ಟಿಯ ಗೋಪ್ಯ ವಿವರಗಳನ್ನು ಪ್ರಸಾರ ಮಾಡದಂತೆ ಹೈಕೋರ್ಟ್ ಮಾಧ್ಯಮಗಳನ್ನು ತಡೆಯಬೇಕಾಯಿತು. ಆ ಪ್ರಕರಣದ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಸತ್ತ ಯುವಕನ ಕೊನೆಯ ಸ್ಥಿತಿಯ ಚಿತ್ರಗಳು ವಾಟ್ಸ್ಆ್ಯಪ್‌ನಲ್ಲಿ ಮನೆಮನೆಗೆ ಹೋದವು ಎಂಬುದನ್ನಷ್ಟೇ ನೆನಪಿಸುತ್ತೇನೆ. ಅವನ್ನು ಕಳಿಸಿದವರು ಅಪರಿಚಿತರಲ್ಲ. ನಮ್ಮ ನೆಂಟರು, ಸಹೋದ್ಯೋಗಿಗಳು.

ಹಾಗಾದರೆ ಇಂಥ ಕಥೆಗಳಿಂದ ಒಳ್ಳೆಯದಾಗುವುದೇ ಇಲ್ಲವೇ? ಆಗುತ್ತದೆ. ದೆಹಲಿಯ ಜೆಸ್ಸಿಕಾ ಲಾಲ್ ಕೊಲೆ ಪ್ರಕರಣದ ಆರೋಪಿಗಳೆಲ್ಲ 2006ರ ಫೆಬ್ರವರಿಯಲ್ಲಿ ಖುಲಾಸೆಯಾದಾಗ, ಸಾಕ್ಷಿಗಳು ಹೇಗೆ ತಿರುಗಿಬಿದ್ದರು ಎಂಬುದನ್ನು ಪತ್ರಕರ್ತರು ಬಿಡದೆ ಬೆನ್ನಟ್ಟಿದರು, ಜನ ಬೀದಿಗಿಳಿದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಮುಖ್ಯ ಆರೋಪಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಅಲ್ಲಿಯೂ ಕುತೂಹಲವಿತ್ತು, ಸಿಟ್ಟಿತ್ತು, ಮುಂದೇನಾಯಿತು ಎಂಬ ಕಾತರವಿತ್ತು. ಆದರೆ ಕಥೆ ನಡೆದದ್ದು ಸತ್ತವಳ ತಂಗಿಯ ಹಿಂದೆ, ಸಾಕ್ಷಿಕಟ್ಟೆಯ ಹಿಂದೆ.

ಈ ದೃಷ್ಟಿಯಿಂದ ನನಗೆ ಅತ್ಯಂತ ಬೇಸರ ತರುವುದು ವೀರಪ್ಪನ್ ಕುರಿತ ನಮ್ಮ ಕಥೆಗಳು. ಅವನ ಮೀಸೆ, ಅವನ ಕಾಡಿನ ಜ್ಞಾನ, ರಾಜ್‌ಕುಮಾರ್ ಅಪಹರಣದ 108 ದಿನ, 2004ರ ಅಕ್ಟೋಬರ್‌ನಲ್ಲಿ ಅವನ ಕೊನೆಯ ರಾತ್ರಿ, ಇವು ನಮಗೆಲ್ಲ ಬಾಯಿಪಾಠ. ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಬಗ್ಗೆ ಕೇಳಿದರೆ ಹೆಚ್ಚಿನವರಿಗೆ ಗೊತ್ತಿರುವುದು ಅವರ ಸಾವು ಎಷ್ಟು ಘೋರವಾಗಿತ್ತು ಎಂಬುದೊಂದೇ. ವೀರಪ್ಪನ್‌ನ ಊರಾದ ಗೋಪಿನಾಥಂನಲ್ಲೇ ನೆಲೆ ನಿಂತು, ಅಲ್ಲಿನ ಜನರಿಗೆ ಔಷಧಿ, ಮನೆ, ಮಾರಿಯಮ್ಮನ ಗುಡಿ ಒದಗಿಸಿ, ಬಂದೂಕಿನಿಂದಲ್ಲದೆ ನಂಬಿಕೆಯಿಂದ ಅವನ ಸಂಗಡಿಗರನ್ನು ಶರಣಾಗತಿಗೆ ಒಪ್ಪಿಸುತ್ತಿದ್ದ ಅಧಿಕಾರಿ ಅವರು. ಶರಣಾಗುತ್ತೇನೆಂಬ ಮಾತನ್ನು ನಂಬಿ ನಿರಾಯುಧರಾಗಿ ಹೋದವರನ್ನು 1991ರ ನವೆಂಬರ್ 10ರಂದು ಕೊಲ್ಲಲಾಯಿತು. ಮರಣೋತ್ತರವಾಗಿ ಅವರಿಗೆ ಕೀರ್ತಿಚಕ್ರ ಬಂತು. ಇನ್ನೊಂದು ಕಡೆ, ಅವನನ್ನು ಹಿಡಿಯುವ ಹೆಸರಿನಲ್ಲಿ ವಿಶೇಷ ಕಾರ್ಯಪಡೆಯವರ ಚಿತ್ರಹಿಂಸೆಗೆ ಸಿಕ್ಕ ಕಾಡಂಚಿನ ಹಳ್ಳಿಗಳ ಹೆಂಗಸರು, ಗಂಡಸರು, ಸೋಲಿಗರು. ನ್ಯಾಯಮೂರ್ತಿ ಸದಾಶಿವ ಅವರ ಸಮಿತಿ ಅವರ ಹೇಳಿಕೆಗಳನ್ನು ದಾಖಲಿಸಿಕೊಂಡಿತು, ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಪರಿಹಾರಕ್ಕೆ ಶಿಫಾರಸು ಮಾಡಿತು. ಅವರ ಕಥೆಯಲ್ಲಿ ರೋಚಕತೆಗೇನೂ ಕೊರತೆಯಿಲ್ಲ. ಅದನ್ನು ಕೇಳುವಾಗ ನಾವು ಯಾರ ಪರವಾಗಿ ಚಪ್ಪಾಳೆ ತಟ್ಟಬೇಕೆಂದು ತಿಳಿಯುವುದಿಲ್ಲ, ಅದಕ್ಕಾಗಿಯೇ ಅದು ಮಾರಾಟವಾಗುವುದಿಲ್ಲ ಎಂದು ನನಗನ್ನಿಸುತ್ತದೆ.

ನಾನಂತೂ ಈ ಕಥೆಗಳನ್ನು ಕೇಳುವುದನ್ನು ಬಿಡುವುದಿಲ್ಲ. ಆದರೆ ಸತ್ತವರ ಬಗ್ಗೆ, ಅವರು ಸತ್ತರು ಎಂಬುದನ್ನು ಬಿಟ್ಟು ಬೇರೇನನ್ನೂ ಹೇಳದ ಕಂತುಗಳನ್ನು ಅರ್ಧಕ್ಕೇ ನಿಲ್ಲಿಸುತ್ತಿದ್ದೇನೆ. ವಿಚಾರಣೆ ನಡೆಯುತ್ತಿರುವಾಗಲೇ ‘ಕೊಲೆಗಾತಿ’, ‘ನರಹಂತಕ’ ಎಂದು ಕೂಗುವ ವಿಡಿಯೊಗಳನ್ನು ತೆರೆಯುವುದಿಲ್ಲ, ಯಾರಾದರೂ ಕಳಿಸಿದರೆ ಇದನ್ನು ಮುಂದೆ ಕಳಿಸಬೇಡಿ ಎಂದು ಅವರಿಗೇ ಹೇಳುತ್ತೇನೆ. ಇದರಿಂದ ಮನೆಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಒಂದಿಬ್ಬರಿಗೆ ನನ್ನ ಮೇಲೆ ಮುನಿಸಿದೆ, ಇರಲಿ. ಕನ್ನಡದಲ್ಲಿ ಇಂಥ ಕಥೆ ಹೇಳುವವರಲ್ಲಿ ಒಳ್ಳೆಯ ದನಿಯವರು, ಶ್ರಮಪಡುವವರು ಇದ್ದಾರೆ. ಸುಪ್ರೀಂ ಕೋರ್ಟಿನ ತೀರ್ಪುಗಳು ಅಂತರ್ಜಾಲದಲ್ಲಿ ಯಾವ ಶುಲ್ಕವೂ ಇಲ್ಲದೆ ಸಿಗುತ್ತವೆ. ರಿಚ್ಮಂಡ್ ರಸ್ತೆಯ ಪ್ರಕರಣವನ್ನು 1992ರ ಜೂನ್‌ನಲ್ಲಿ ಒಬ್ಬ ಮಗಳು ಠಾಣೆಗೆ ದೂರು ಕೊಡಲು ಬಂದಲ್ಲಿಂದ ಆರಂಭಿಸಿ, ತೀರ್ಪನ್ನು ಪೂರ್ತಿ ಓದಿ, ಮನೆಯವರನ್ನು ಮೊದಲೇ ಕೇಳಿ, ಕನ್ನಡದಲ್ಲಿ ಯಾರಾದರೂ ಹೇಳುವುದಾದರೆ ಅದನ್ನು ಜಾಹೀರಾತಿಲ್ಲದೆ ಕೇಳಲು ಹಣ ಕೊಡುವವರಲ್ಲಿ ನಾನೂ ಒಬ್ಬನಾಗಿರುತ್ತೇನೆ.